ಯಾರ ದುಡ್ಡು ಎಲ್ಲಿ ನಿಂತಿದೆ?

ಸೊರಬದ ವಾಣಿಜ್ಯ ಉಪನ್ಯಾಸಕಿಯೊಬ್ಬರು ಕನ್ನಡ ವಿಕಿಪೀಡಿಯಕ್ಕೆಂದು ಪರೋಕ್ಷ ಮಾರಾಟದ ಬಗ್ಗೆ ಬರೆಯಲು ತೊಡಗಿದ್ದ ಲೇಖನದ ಎರಡನೇ ವಾಕ್ಯ ಹೀಗಿತ್ತು: ‘ಮಧ್ಯವರ್ತಿಗಳು ಉತ್ಪಾದಕರನ್ನೂ ಗ್ರಾಹಕರನ್ನೂ ಶೋಷಿಸುತ್ತಾರೆ.’ ನಾನು ಶಿಕಾರಿಪುರದಲ್ಲಿ ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಹಂಚುವ ಏಜೆನ್ಸಿ ನಡೆಸುವವನು. ಅಂದರೆ ಆ ವಾಕ್ಯದ ಕರ್ತೃಪದ ನಾನೇ. ಅಳಿಸಿಬಿಡೋಣ ಅಂತ ಕೈ ಹೋಯಿತು. ‘ನೀವು ಅಳಿಸೋ ಹಂಗಿಲ್ಲ ಸರ್. ಇದು ನಿಮ್ಮ ಹೊಟ್ಟೆಪಾಡಿನ ವಿಷಯ. ಸ್ವಂತ ಹಿತಾಸಕ್ತಿ ಇರೋ ಕಡೆ ಕೈಯಾಡಿಸಬಾರದು ಅಂತ ಅಲ್ಲಿ ಕಟ್ಟುನಿಟ್ಟು ಇದೆ’ ಎಂದರು ಮೇಡಂ ಫೋನಿನಲ್ಲಿ. ‘ಆಯ್ತು ಮೇಡಂ, ಶೋಷಣೆ ಅಂತ ಬರೆದಿದ್ದೀರಲ್ಲ, ಅದಕ್ಕೆ ಆಧಾರ ಯಾವುದು?’ ಎಂದೆ. ಅದಕ್ಕೆ ಅವರಲ್ಲಿ ತಕ್ಷಣ ಉತ್ತರ ಇರಲಿಲ್ಲ. ಪಾಠ ಮಾಡುವ ಅವರೂ ವ್ಯಾಪಾರ ಮಾಡುವ ನಾನೂ ಒಂದೇ ಪುಟವನ್ನು ಬರೆಯಲು ಕೂತದ್ದು ಹಾಗೆ.

ವಿಕಿಪೀಡಿಯ ಇಂಗ್ಲಿಷಿನಲ್ಲಿ ಶುರುವಾದದ್ದು 2001ರಲ್ಲಿ, ಕನ್ನಡದಲ್ಲಿ 2003ರಲ್ಲಿ. ಕನ್ನಡದ ಲೇಖನಗಳು ಈಗ 30 ಸಾವಿರ ದಾಟಿವೆ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಆದರೆ ಬರೆದದ್ದಕ್ಕೆ ಎಲ್ಲೋ ಅಚ್ಚಾದ, ನಂಬಬಹುದಾದ ಆಧಾರ ಇರಬೇಕು. ಯಾರ ಪರವೂ ವಾಲಬಾರದು. ತಾನೇ ಕಂಡುಕೊಂಡ ಹೊಸ ಸಂಗತಿಯನ್ನು ಅಲ್ಲಿ ಮೊದಲ ಸಲ ಹೇಳುವಂತಿಲ್ಲ. ಜಾಹೀರಾತಂತೂ ಕೂಡದೇ ಕೂಡದು. ಕೊನೆಯದನ್ನು ಮೇಡಂ ತಮ್ಮ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದಂತೆ, ಉದಾಹರಣೆಗೆ ಅಂತ ಅಪ್ಪನ ಅಂಗಡಿಯ ಹೆಸರು ಸೇರಿಸುವ ಹುಡುಗರು ಪ್ರತಿ ವರ್ಷವೂ ಇರುತ್ತಾರೆ. ನನಗೆ ಕಷ್ಟವಾದದ್ದು ಆಧಾರದ ಕಟ್ಟಳೆ. ಮಂಡಿ ಬೀದಿಯಲ್ಲಿ ಹಮಾಲರಿಗೂ ಗೊತ್ತಿರುವ ಸಂಗತಿ ಯಾವ ಪುಸ್ತಕದಲ್ಲೂ ಅಚ್ಚಾಗಿರುವುದಿಲ್ಲ. ವಿಶ್ವಕೋಶದ ಪುಟದಲ್ಲಿ ಹಿಡಿಸದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯ ಏನೆಂದು ನೋಡೋಣ. ಮಾಡಿದವನು, ಬೆಳೆದವನು ತಾನೇ ಕೊಳ್ಳುವವನ ಕೈಗೆ ಕೊಟ್ಟರೆ ಅದು ನೇರ ಮಾರಾಟ. ಹಿತ್ತಲಿನ ಬಸಳೆಯನ್ನು ಶಿರಾಳಕೊಪ್ಪದ ಸಂತೆಗೆ ತಂದು ಕೂರುವ ಅಜ್ಜಿಯದು ಆ ಬಗೆ. ನಡುವೆ ಒಬ್ಬರೋ ನಾಲ್ವರೋ ನಿಂತು ಸರಕನ್ನು ಮುಂದೆ ದಾಟಿಸಿದರೆ ಅದು ಪರೋಕ್ಷ ಮಾರಾಟ. ಫಿಲಿಪ್ ಕೋಟ್ಲರ್ ಅವರ ‘ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟ್’ ಮೊದಲು ಬಂದದ್ದು 1967ರಲ್ಲಿ. ಬಿ.ಕಾಂ. ಓದುವವರು ಇವತ್ತಿಗೂ ಅಂಥ ಪುಸ್ತಕಗಳಿಂದಲೇ ಈ ಹಂತಗಳನ್ನು ಶೂನ್ಯ ಹಂತ, ಒಂದು ಹಂತ, ಎರಡು ಹಂತ ಎಂದು ಎಣಿಸಿ ಕಲಿಯುತ್ತಾರೆ. ಮೇಡಂ ಬರೆದ ಮೊದಲ ಕರಡೂ ಹಾಗೇ ಎಣಿಸುತ್ತ ಹೋಗಿತ್ತು. ಎಣಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಎಷ್ಟು ಕೈ ದಾಟಿತು ಎಂದು ಲೆಕ್ಕ ಹಾಕಿದ ಮಾತ್ರಕ್ಕೆ ವ್ಯಾಪಾರ ಅರ್ಥವಾಗುವುದಿಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ಸರಕು ಮುಂದೆ ಹೋಗುತ್ತಿರುವಾಗ ಯಾರ ದುಡ್ಡು ಎಲ್ಲಿ ನಿಂತಿದೆ? ಮಾರಾಟವಾಗದೆ ಉಳಿದರೆ ಅದು ಯಾರ ತಲೆಗೆ?

ನನ್ನ ಸೋಪಿನಿಂದಲೇ ಶುರು ಮಾಡುತ್ತೇನೆ. ಕಾರ್ಖಾನೆಯಿಂದ ಸರಕು ಮೊದಲು ಕಂಪನಿಯ ಸಿ ಆ್ಯಂಡ್ ಎಫ್ ಡಿಪೋಗೆ ಬರುತ್ತದೆ. ಡಿಪೋ ನಡೆಸುವವನು ಸರಕಿನ ಮಾಲೀಕನಲ್ಲ. ಕಂಪನಿಯ ಪರವಾಗಿ ಇಳಿಸಿಕೊಳ್ಳುತ್ತಾನೆ, ಕಾಯುತ್ತಾನೆ, ಬಿಲ್ ಮಾಡಿ ಕಳಿಸುತ್ತಾನೆ, ಅದಕ್ಕೆ ಕೂಲಿ ಪಡೆಯುತ್ತಾನೆ. ಅಲ್ಲಿಂದ ನನ್ನಂಥ ಡಿಸ್ಟ್ರಿಬ್ಯೂಟರ್‌ಗೆ. ನಾನು ಕೊಂಡುಕೊಳ್ಳುವವನು, ದುಡ್ಡು ಕಟ್ಟಿದ ಮೇಲೇ ಲೋಡು ಹೊರಡುತ್ತದೆ. ನನ್ನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ನೂರು ರೂಪಾಯಿ ಎಂಆರ್‌ಪಿ ಇರುವ ಸೋಪಿನ ಕಟ್ಟು ಎಂದಿಟ್ಟುಕೊಳ್ಳಿ. ತೆರಿಗೆ ಎಲ್ಲ ಸೇರಿ ಅದು ನನಗೆ 86ಕ್ಕೆ ಬಂತು, ನಾನು ಅಂಗಡಿಗೆ 90ಕ್ಕೆ ಹಾಕಿದೆ, ಅಂಗಡಿಯವನು 100ಕ್ಕೆ ಮಾರಿದ. ಇದು ಬರೀ ಲೆಕ್ಕಕ್ಕೆ ಹೇಳಿದ್ದು, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆ ನಾಲ್ಕು ರೂಪಾಯಿಯಲ್ಲಿ ಲಗೇಜ್ ಆಟೋ, ಡ್ರೈವರ್, ಆರ್ಡರ್ ತರುವ ಸೇಲ್ಸ್ ಹುಡುಗ, ಗೋದಾಮಿನ ಬಾಡಿಗೆ, ಇಲಿ ಕಡಿದ ಬಿಸ್ಕತ್ತು, ಬ್ಯಾಂಕಿನ ಬಡ್ಡಿ ಎಲ್ಲವೂ ಏಳಬೇಕು.

ಬಡ್ಡಿ ಅಂದೆನಲ್ಲ, ಅಸಲಿ ಕಥೆ ಅಲ್ಲಿದೆ. ಕಂಪನಿಗೆ ನಾನು ಮುಂಗಡ ಕಟ್ಟುತ್ತೇನೆ. ಆನವಟ್ಟಿಯ ಕಡೆಯ ಸಣ್ಣ ಅಂಗಡಿಯವರು ‘ಬರೋ ವಾರ ಕೊಡ್ತೀನಿ ತಗಳಿ’ ಅನ್ನುತ್ತಾರೆ. ಆ ಅಂಗಡಿಯವರೂ ತಮ್ಮ ಊರಿನ ಕೂಲಿಯವರಿಗೆ ಉದ್ರಿ ಬರೆದಿರುತ್ತಾರೆ. ಹೀಗೆ ಮೇಲೆ ನಗದು, ಕೆಳಗೆ ಉದ್ರಿ; ನಡುವಿನ ಅಂತರವನ್ನು ತುಂಬಿ ನಿಂತಿರುವುದು ನನ್ನ ದುಡ್ಡು. ಪುಸ್ತಕಗಳು ಡಿಸ್ಟ್ರಿಬ್ಯೂಟರ್ ಸರಕು ಸಾಗಿಸುತ್ತಾನೆ ಎನ್ನುತ್ತವೆ. ಸಾಗಿಸುವುದಕ್ಕೆ ಲಾರಿ ಸಾಕು ಮಾರಾಯ್ರೆ. ಡಿಸ್ಟ್ರಿಬ್ಯೂಟರ್ ಬೇಕಾಗುವುದು ಸಾಲ ಕೊಡುವುದಕ್ಕೆ, ಯಾರಿಗೆ ಕೊಟ್ಟರೆ ವಾಪಸ್ ಬರುತ್ತದೆ ಎಂದು ತಿಳಿದಿರುವುದಕ್ಕೆ.

ಇನ್ನೊಂದು ಲಾಭ ಲೆಕ್ಕದ್ದು. ಹತ್ತು ಕಂಪನಿ, ಮುನ್ನೂರು ಅಂಗಡಿ. ಪ್ರತಿ ಕಂಪನಿಯೂ ಪ್ರತಿ ಅಂಗಡಿಯ ಜೊತೆ ನೇರವಾಗಿ ವ್ಯವಹರಿಸಿದರೆ ಮೂರು ಸಾವಿರ ಖಾತೆ ಬೇಕು. ನಡುವೆ ಒಬ್ಬ ಹಂಚಿಕೆದಾರ ನಿಂತರೆ ಮುನ್ನೂರ ಹತ್ತು ಖಾತೆ ಸಾಕು. ಒಂದು ಪೆಟ್ಟಿಗೆ ಶಾಂಪೂ ಕೊಳ್ಳಲಾರದ ಅಂಗಡಿಗೆ ಎರಡು ಸರ ಸ್ಯಾಶೆ ಹಾಕುವುದೂ ಇದರಿಂದಲೇ ಆಗುವುದು. ಮೇಡಂ ಈ ಲೆಕ್ಕವನ್ನು ಪಠ್ಯಪುಸ್ತಕದ ಆಧಾರ ಕೊಟ್ಟು ಸಂತೋಷವಾಗಿ ಸೇರಿಸಿದರು. ಸಾಲದ ಮಾತಿಗೆ ಮಾತ್ರ ‘ಉಲ್ಲೇಖ ಬೇಕು’ ಎಂಬ ಪಟ್ಟಿ ಬಹಳ ಕಾಲ ಅಂಟಿಕೊಂಡಿತ್ತು.

ಸರ್ಕಾರವೇ ಬೆಲೆ ಕಟ್ಟಿದ ಸರಕಿನಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಯೂರಿಯಾ ನೋಡಿ. 45 ಕೆಜಿ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ತಯಾರಿಸಲು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಖರ್ಚು, ಉಳಿದದ್ದನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ತುಂಬಿಕೊಡುತ್ತದೆ. ಹಿಂದೆ ಗೊಬ್ಬರ ಜಿಲ್ಲೆಗೆ ಬಂದಿಳಿದರೆ ಸಬ್ಸಿಡಿಯ ಬಹುಪಾಲು ಬಿಡುಗಡೆಯಾಗುತ್ತಿತ್ತು. 2018ರಿಂದ ದೇಶದೆಲ್ಲೆಡೆ ಪದ್ಧತಿ ಬದಲಾಯಿತು. ಅಂಗಡಿಯ ಪಿಒಎಸ್ ಯಂತ್ರದಲ್ಲಿ ಮಾರಾಟ ದಾಖಲಾದ ಮೇಲೇ ಕಂಪನಿಗೆ ದುಡ್ಡು. ರೈತರ ಕಣ್ಣಿಗೆ ಕಂಡದ್ದು ಹೆಬ್ಬೆಟ್ಟು ಒತ್ತುವ ಹೊಸ ಯಂತ್ರ ಮಾತ್ರ. ಒಳಗೆ ಆದದ್ದೇನೆಂದರೆ, ಗೋದಾಮಿನಲ್ಲಿ ಚೀಲ ಕೂತಷ್ಟು ದಿನವೂ ಕಂಪನಿಯ ದುಡ್ಡು ಕೂತಿರುತ್ತದೆ. ಅಂಗಡಿಯವನಿಗೆ ಯೂರಿಯಾದಲ್ಲಿ ಸಿಗುವ ಕಮಿಷನ್ ತೀರ ಸಣ್ಣದು, ಹಮಾಲಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ‘ಯೂರಿಯಾ ಬೇಕಂದ್ರೆ ಈ ಡಬ್ಬಿಯನ್ನೂ ತಗೋಬೇಕು’ ಎಂದು ಬೇಡದ ಔಷಧಿಯನ್ನು ಗಂಟು ಹಾಕುವ ಚಾಳಿಗೆ ಇದೂ ಒಂದು ಕಾರಣ. ಅದು ನ್ಯಾಯ ಎಂದು ನಾನು ಹೇಳುತ್ತಿಲ್ಲ. ನಡುವಿನವನ ಪಾಲನ್ನು ಕಾಗದದ ಮೇಲೆ ಕತ್ತರಿಸಿದರೆ ಅವನು ಅದನ್ನು ಇನ್ನೊಂದು ಬಾಗಿಲಿನಿಂದ ತಂದುಕೊಳ್ಳುತ್ತಾನೆ ಎನ್ನುತ್ತಿದ್ದೇನೆ.

ಔಷಧಿ ಅಂಗಡಿಯಲ್ಲಿ ಪಾಲು ಕಾನೂನಿನಲ್ಲೇ ಬರೆದಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಪಟ್ಟಿಯಲ್ಲಿರುವ ಔಷಧಿಗಳಿಗೆ ಗರಿಷ್ಠ ಬೆಲೆ ಕಟ್ಟುವಾಗ ಚಿಲ್ಲರೆ ಮಾರಾಟಗಾರನಿಗೆ ಶೇಕಡಾ 16 ಲಾಭಾಂಶ ಸೇರಿಸಬೇಕು. ಅವಧಿ ಮೀರಿದ ಮಾತ್ರೆಗಳು ಬಂದ ದಾರಿಯಲ್ಲೇ, ಅಂಗಡಿಯಿಂದ ಸ್ಟಾಕಿಸ್ಟ್‌ಗೆ, ಅಲ್ಲಿಂದ ಕಂಪನಿಗೆ ಹಿಂದಿರುಗುತ್ತವೆ. ಸಣ್ಣ ಅಂಗಡಿಯೂ ಅಪರೂಪದ ಔಷಧಿ ಇಟ್ಟುಕೊಳ್ಳಲು ಧೈರ್ಯ ಬರುವುದು ಈ ಹಿಂದಿರುಗುವ ದಾರಿ ಇರುವುದರಿಂದ.

ರೈತನ ಕಡೆಯಿಂದ ಹೊರಟರೆ ದಾರಿ ತಿರುಗುಮುರುಗು. ಸೋಪು ಒಂದು ಕಾರ್ಖಾನೆಯಿಂದ ಸಾವಿರ ಅಂಗಡಿಗೆ ಚೆದುರುತ್ತದೆ, ಮೆಕ್ಕೆಜೋಳ ಸಾವಿರ ಹೊಲದಿಂದ ಒಂದು ಕೋಳಿ ಆಹಾರದ ಕಾರ್ಖಾನೆಗೆ ಸೇರಬೇಕು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಮೆಕ್ಕೆಜೋಳದ ಸೀಮೆ. ಕೃಷಿ ಉತ್ಪನ್ನ ಮಾರುಕಟ್ಟೆಗೆ 1966ರ ರಾಜ್ಯ ಕಾಯ್ದೆಯೇ ಬುನಾದಿ. ಅದರಲ್ಲಿ ಕಮಿಷನ್ ಏಜೆಂಟ್ ಬೇರೆ, ಖರೀದಿದಾರ ವರ್ತಕ ಬೇರೆ. ಕಮಿಷನ್ ಏಜೆಂಟನಾದ ಮಂಡಿಯವನು ಸರಕಿನ ಒಡೆಯನಲ್ಲ, ಮಾರಿಸಿಕೊಡುವವನು. ಖರೀದಿದಾರನದು ಸ್ವಂತ ದುಡ್ಡು, ಸ್ವಂತ ನಷ್ಟ. ವಿಶ್ವಕೋಶದ ಪುಟದಲ್ಲಿ ನಾವು ಹೆಚ್ಚು ಹೊತ್ತು ಜಗಳವಾಡಿದ್ದು ಈ ಒಂದು ಗೆರೆಗೆ. ಇಬ್ಬರನ್ನೂ ದಲ್ಲಾಳಿ ಎಂದು ಒಂದೇ ಬುಟ್ಟಿಗೆ ಹಾಕಿದರೆ ಓದುವವನಿಗೆ ಏನೂ ತಿಳಿಯುವುದಿಲ್ಲ.

ಈಗ ಮೇಡಂ ಬರೆದ ಶೋಷಣೆಯ ಮಾತಿಗೆ ಬರುತ್ತೇನೆ. ಅದು ಸುಳ್ಳಲ್ಲ, ಆದರೆ ಎಲ್ಲರಿಗೂ ಸಮನಾಗಿ ಹಚ್ಚಿದ್ದು ತಪ್ಪು. ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರ, ಕಳೆನಾಶಕವನ್ನು ಉದ್ರಿ ಕೊಡುವ ಅಂಗಡಿಯವನೇ ಕೊಯ್ಲಿನ ಹೊತ್ತಿಗೆ ಜೋಳ ಕೊಳ್ಳುವವನೂ ಆದರೆ, ಅಲ್ಲಿ ರೈತ ಬೆಲೆ ಕೇಳುವ ಹಕ್ಕನ್ನು ಜೂನ್ ತಿಂಗಳಲ್ಲೇ ಮಾರಿಕೊಂಡಂತೆ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಪತ್ರಿಕೆಯಲ್ಲಿ ಓದಿದ ರೈತನೂ ಬಾಕಿ ಇರುವ ಕಡೆಗೇ ಟ್ರ್ಯಾಕ್ಟರ್ ತಿರುಗಿಸುತ್ತಾನೆ. ತೇವಾಂಶ ಜಾಸ್ತಿ ಎಂದು ತೂಕ ಕಡಿದರೂ ಬಾಯಿ ಬಿಡಲಾರ. ಇಲ್ಲಿ ತೊಂದರೆ ನಡುವೆ ಒಬ್ಬ ನಿಂತದ್ದಲ್ಲ. ಸಾಲ ಕೊಟ್ಟವನೂ ತೂಗುವವನೂ ಕೊಳ್ಳುವವನೂ ಒಬ್ಬನೇ ಆದದ್ದು. ಮೂವರು ಬೇರೆ ಬೇರೆ ಇದ್ದರೆ ಹಂತ ಹೆಚ್ಚು, ಆದರೆ ರೈತನಿಗೆ ಉಸಿರಾಡಲು ಜಾಗ ಇರುತ್ತದೆ. ಮಧ್ಯವರ್ತಿಗಳನ್ನು ಕಡಿಮೆ ಮಾಡುವುದೇ ಉದ್ಧಾರ ಎಂದು ಭಾಷಣ ಮಾಡುವವರು ಇದನ್ನು ಗಮನಿಸುವುದಿಲ್ಲ.

ಅಡಿಕೆಯವರು ಈ ಗಂಟನ್ನು ಬಿಡಿಸಿಕೊಂಡದ್ದು ಸಹಕಾರ ಸಂಘಗಳಿಂದ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರದು, ಮಂಗಳೂರಿನ ಕ್ಯಾಂಪ್ಕೊ 1973ರದು, ನಮ್ಮ ಜಿಲ್ಲೆಗೆ ಶಿವಮೊಗ್ಗದ ಮ್ಯಾಮ್‌ಕೋಸ್. ಬೆಳೆಗಾರ ಅಡಿಕೆ ತಂದು ಹಾಕುತ್ತಾನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆಯಾಗುತ್ತದೆ. ಖರೀದಿದಾರರು ಮಾದರಿ ನೋಡಿ ಟೆಂಡರ್ ಹಾಕುತ್ತಾರೆ. ಬೆಲೆ ಒಗ್ಗದಿದ್ದರೆ ಬೆಳೆಗಾರ ಮಾರಬೇಕಾಗಿಲ್ಲ, ಗೋದಾಮಿನಲ್ಲಿರುವ ಅಡಿಕೆಯ ಮೇಲೆ ಮುಂಗಡ ಪಡೆದು ಕಾಯಬಹುದು. ಸಂಘವೂ ಮಧ್ಯವರ್ತಿಯೇ, ಕಮಿಷನ್ ಪಡೆಯುವಂಥದ್ದೇ. ಆದರೆ ಅದರ ಸಾಲ ಬೆಳೆಗಾರನನ್ನು ಕಾಯಲು ಬಿಡುತ್ತದೆ, ಗೊಬ್ಬರದಂಗಡಿಯ ಸಾಲ ಕಾಯಲು ಬಿಡುವುದಿಲ್ಲ.

ಹಾಗೆಂದು ಎಲ್ಲರೂ ಕಾಯಲು ಇಷ್ಟಪಡುವುದಿಲ್ಲ. ತೋಟದ ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಡುವವರು ಬೇಕಾದಷ್ಟಿದ್ದಾರೆ. ಕೊಯ್ಯುವವರನ್ನು ಹುಡುಕುವುದು, ಸುಲಿಸುವುದು, ಬೇಯಿಸುವುದು, ಮಳೆ ಬಂದರೆ ಹರವಿದ್ದನ್ನು ಎತ್ತುವುದು, ಕೊನೆಗೆ ಬೆಲೆ ಬಿದ್ದರೆ ಅನುಭವಿಸುವುದು, ಎಲ್ಲ ಚೇಣಿದಾರನ ಪಾಲು. ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದು ಮಕ್ಕಳು ಬೆಂಗಳೂರು ಸೇರಿರುವ ಕುಟುಂಬಕ್ಕೆ ಇದು ಹೊಂದುತ್ತದೆ. ಬೆಲೆ ಏರಿದ ವರ್ಷ ‘ಚೇಣಿದಾರ ದುಡ್ಡು ಹೊಡೆದ’ ಅನ್ನುವ ಜನ, ಬಿದ್ದ ವರ್ಷ ಅವನ ಮನೆ ಕಡೆ ತಿರುಗಿ ನೋಡುವುದಿಲ್ಲ.

ನಮ್ಮ ಲೇಖನಕ್ಕೆ ಅತ್ಯಂತ ಗಟ್ಟಿಯಾದ ಸ್ಥಳೀಯ ಆಧಾರ ಸಿಕ್ಕಿದ್ದು ಹನ್ನೊಂದನೇ ಶತಮಾನದಿಂದ, ಅದೂ ನಮ್ಮ ತಾಲ್ಲೂಕಿನಲ್ಲೇ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟ 1902ರಲ್ಲಿ ಬಂತು, ಶಿಕಾರಿಪುರದ ಶಾಸನಗಳು ಅದರಲ್ಲಿವೆ, ಸೊರಬದವು 1904ರ 8ನೇ ಸಂಪುಟದಲ್ಲಿ. ಮೇಡಂ ಸಹಜವಾಗಿ ಎಂಟನೆಯದನ್ನು ಮೊದಲು ಹುಡುಕಿದರು. ಬೇಕಾದದ್ದು ಏಳರಲ್ಲಿ ಸಿಕ್ಕಿತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ವರ್ಣನೆ ಅದು. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳಗಳವರೆಗೆ ಅವರು ಓಡಾಡಿದ್ದು, ಆನೆ ಕುದುರೆಯಿಂದ ಹಿಡಿದು ಮುತ್ತು ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿವರೆಗೆ ಮಾರಿದ್ದು, ಕೆಲವನ್ನು ಸಗಟಾಗಿ, ಕೆಲವನ್ನು ಹೆಗಲ ಮೇಲೆ ಹೊತ್ತು ತಿರುಗಿ ವ್ಯಾಪಾರ ಮಾಡಿದ್ದು, ಸುಂಕ ಕೊಟ್ಟು ರಾಜನ ಬೊಕ್ಕಸ ತುಂಬಿದ್ದು ಎಲ್ಲ ಅದರಲ್ಲಿದೆ. ನಮ್ಮ ತಾಲ್ಲೂಕಿನ ಬಳ್ಳಿಗಾವಿ ಆಗ ಬನವಾಸಿ ನಾಡಿನ ರಾಜಧಾನಿ. ಸಗಟೂ ಚಿಲ್ಲರೆಯೂ ಒಂದೇ ಸಂಘಟನೆಯೊಳಗೆ ಇದ್ದವು ಎನ್ನುವುದು ನನ್ನ ಕಣ್ಣಿಗೆ ಬಿದ್ದ ಸಂಗತಿ. ಇವತ್ತಿನ ದೊಡ್ಡ ಕಂಪನಿಗಳು ತಮ್ಮದೇ ಸಗಟು ಮಳಿಗೆ, ತಮ್ಮದೇ ಚಿಲ್ಲರೆ ಅಂಗಡಿ, ತಮ್ಮದೇ ಆ್ಯಪ್ ಇಟ್ಟುಕೊಳ್ಳುತ್ತಿರುವುದು ಹೊಸ ಯೋಚನೆಯೇನಲ್ಲ. ಹೀಗೆ ಹೋಲಿಸಿ ನಾನು ಬರೆದ ಸಾಲನ್ನು ಮೇಡಂ ‘ಇದು ನಿಮ್ಮ ಸ್ವಂತ ಸಂಶೋಧನೆ’ ಎಂದು ತೆಗೆದುಹಾಕಿದರು. ಶಾಸನದ ಮಾತು ಉಳಿಯಿತು, ನನ್ನ ಮಾತು ಹೋಯಿತು. ಅವರು ಮಾಡಿದ್ದು ಸರಿಯೇ.

ಸೊರಬದ ಗುಡಿಗಾರರ ವಿಷಯಕ್ಕೆ ಬಂದಾಗ ಮೇಡಂ ನನ್ನನ್ನು ಬರೆಯಲು ಬಿಡಲಿಲ್ಲ, ‘ಇದು ನಮ್ಮೂರಿನದು’ ಎಂದರು. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯನ್ನು ಹತ್ತೊಂಬತ್ತನೇ ಶತಮಾನದ ಮೈಸೂರು ಗೆಜೆಟಿಯರ್ ಆಗಲೇ ಹೊಗಳಿತ್ತು. ಈ ಕಸುಬಿನ ಮಾರಾಟದ ದಾರಿಯನ್ನು ಎರಡೂ ತುದಿಯಲ್ಲಿ ಸರ್ಕಾರ ಹಿಡಿದಿದೆ. ಗಂಧದ ಮರ ಟಿಪ್ಪುವಿನ ಕಾಲದಿಂದ ರಾಜವೃಕ್ಷ. ಸ್ವಂತ ಜಮೀನಿನಲ್ಲಿ ಬೆಳೆದವನೇ ಅದರ ಒಡೆಯ ಎಂದು ಕಾನೂನು ಒಪ್ಪಿದ್ದು 2001ರಲ್ಲಿ. ಇವತ್ತಿಗೂ ಕಡಿಯಲು, ಸಾಗಿಸಲು, ಮಾರಲು ಅರಣ್ಯ ಇಲಾಖೆಯ ಕಾಗದ ಬೇಕು. ಇನ್ನೊಂದು ತುದಿಯಲ್ಲಿ 1964ರಲ್ಲಿ ಆದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ, ಅದರ ಕಾವೇರಿ ಎಂಪೋರಿಯಂ. ಬೆಂಗಳೂರಿನಲ್ಲಿ ಗಾಜಿನ ಕಪಾಟಿನೊಳಗೆ ಕೂತ ಗಣಪತಿಯನ್ನು ನೋಡುವ ಪ್ರವಾಸಿಗೂ ಸೊರಬದ ಉಳಿಗೂ ನಡುವೆ ಇಷ್ಟು ದೂರ.

ಎಂಪೋರಿಯಂ ಬಗೆಯ ವ್ಯಾಪಾರ ಎಲ್ಲೇ ಇರಲಿ, ಅದರಲ್ಲಿ ಎರಡು ರೀತಿ. ಅಂಗಡಿ ಮೂರ್ತಿಯನ್ನು ಕೊಂಡು ದುಡ್ಡು ಕೊಟ್ಟುಬಿಟ್ಟರೆ ಕಪಾಟಿನಲ್ಲಿ ಕೂತಿರುವುದು ಅಂಗಡಿಯ ದುಡ್ಡು. ‘ಇಟ್ಟು ಹೋಗಿ, ಮಾರಿದ ಮೇಲೆ ಕೊಡುತ್ತೇವೆ’ ಎಂದರೆ ಕೂತಿರುವುದು ಕೆತ್ತಿದವನ ದುಡ್ಡು, ಅವನ ತಿಂಗಳುಗಟ್ಟಲೆಯ ಕೂಲಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹಂತದ ಪರೋಕ್ಷ ಮಾರಾಟ. ಪುಸ್ತಕದ ಚಿತ್ರದಲ್ಲಿ ಎರಡಕ್ಕೂ ಒಂದೇ ಬಾಣದ ಗುರುತು. ಮೇಡಂ ನನ್ನ ಪ್ರಶ್ನೆಗೆ ಮನಸೋತದ್ದು ಇಲ್ಲಿ. ಲೇಖನದಲ್ಲಿ ಮಾರ್ಗಗಳನ್ನು ಹಂತದ ಎಣಿಕೆಯಿಂದ ವಿಂಗಡಿಸಿದ ಪಟ್ಟಿಯ ಕೆಳಗೆ, ಸರಕಿನ ಒಡೆತನ ಯಾವ ಹಂತದಲ್ಲಿ ಕೈ ಬದಲಿಸುತ್ತದೆ ಎಂಬ ಒಂದು ವಿಭಾಗವನ್ನೇ ಸೇರಿಸಿದರು, ಆಧಾರಗಳನ್ನೂ ಅವರೇ ಹುಡುಕಿದರು. ಶೋಷಣೆಯ ವಾಕ್ಯ ಈಗ ‘ಟೀಕೆಗಳು’ ಎಂಬ ಭಾಗದಲ್ಲಿದೆ, ಯಾರು ಯಾವ ಸಂದರ್ಭದಲ್ಲಿ ಹೇಳಿದ್ದು ಎಂಬ ವಿವರದ ಜೊತೆ.

ಶುಂಠಿ ಮಾತ್ರ ಇನ್ನೂ ಹೊರಗಿದೆ. ನಮ್ಮ ಎರಡೂ ತಾಲ್ಲೂಕಿನಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವವರಿದ್ದಾರೆ, ಕೇರಳದಿಂದ ಬಂದವರೂ ಇದ್ದಾರೆ. ಹೊಲದಲ್ಲೇ 60 ಕೆಜಿ ಚೀಲದ ಲೆಕ್ಕದಲ್ಲಿ ಬೆಲೆ ಕುದುರುತ್ತದೆ. 2023ರಲ್ಲಿ ಆ ಚೀಲ ಹತ್ತು ಸಾವಿರ ರೂಪಾಯಿ ದಾಟಿತ್ತು, ಅದನ್ನು ನೋಡಿ ಗದ್ದೆಯವರೂ ಶುಂಠಿಗೆ ಇಳಿದರು, ಆಮೇಲೆ ಬೆಲೆ ಮಕಾಡೆ ಮಲಗಿತು. ಕೊಳೆರೋಗ ಬಂದರೆ ಕೀಳದೆ ವಿಧಿಯಿಲ್ಲ, ಕಿತ್ತರೆ ಮಾರದೆ ವಿಧಿಯಿಲ್ಲ. ಹೊಲದ ಬದುವಿನಲ್ಲಿ ಮುಂಗಡ ಕೊಡುವವನು ಯಾರು, ಅವನ ಹಿಂದಿನ ದುಡ್ಡು ಯಾವ ಊರಿನದು, ತೊಳೆಯುವ ಕಣದಿಂದ ದೆಹಲಿಯ ಲಾರಿಯವರೆಗೆ ಎಷ್ಟು ಸಲ ಒಡೆತನ ಬದಲಾಗುತ್ತದೆ ಎಂಬುದನ್ನು ಬಲ್ಲವರು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ. ಅವರಲ್ಲಿ ಯಾರೂ ಬರೆದಿಲ್ಲ. ಕೃಷಿ ಕಾಲೇಜಿನವರೋ ಪತ್ರಿಕೆಯವರೋ ಒಬ್ಬರು ಈ ದಾರಿಯಲ್ಲಿ ನಡೆದು, ಕೇಳಿ, ಅಚ್ಚು ಹಾಕಿಸಿದರೆ ಮೇಡಂ ಅದನ್ನು ಉಲ್ಲೇಖವಾಗಿ ಸೇರಿಸಲು ತಯಾರಿದ್ದಾರೆ. ಶುಂಠಿಯಲ್ಲಿ ನನಗೆ ವ್ಯಾಪಾರ ಇಲ್ಲದ್ದರಿಂದ ಆ ಭಾಗವನ್ನು ನಾನೂ ತಿದ್ದಬಹುದಂತೆ.